ಜೊತೆಯಾಗಿ ಹೊರಟವರಿಗೆ ದಾಖಲೆಯ ಆಸರೆ ಎಲ್ಲಿ?

ವಾಮಂಜೂರಿನವರಿಗೆ ವಿದೇಶ ದೂರದ ಮಾತಲ್ಲ. ಪಿಲಿಕುಳದ ಆಚೆ ಫಲ್ಗುಣಿ ನದಿ; ನದಿ ದಾಟಿದರೆ ಕೆಂಜಾರಿನ ಗುಡ್ಡದ ಮೇಲೆ ಮಂಗಳೂರು ವಿಮಾನ ನಿಲ್ದಾಣ. 2006ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಹಾರಿದ ಮೊದಲ ಅಂತರರಾಷ್ಟ್ರೀಯ ವಿಮಾನ ಹೋದದ್ದು ದುಬೈಗೆ. ಅಂದಿನಿಂದಲೂ ಇಲ್ಲಿಂದ ನೇರವಾಗಿ ತಲುಪುವ ವಿದೇಶವೆಂದರೆ ಹೆಚ್ಚುಕಡಿಮೆ ಗಲ್ಫ್ ಎಂದೇ ಅರ್ಥ. ಕರಾವಳಿಯ ಎಷ್ಟೋ ಮನೆಗಳ ಸಾಲ ತೀರಿದ್ದು, ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ಈ ವಿಮಾನಗಳ ಪುಣ್ಯದಿಂದ. ಆದರೆ ರಜೆ ಕಳೆಯಲು ಹೊರಟ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಪರಸ್ಪರ ಸಂಗಾತಿಗಳಾಗಿದ್ದರೆ, ಊರಿನ ರನ್‌ವೇಯಿಂದ ಸಿಗುವ ಈ ಹತ್ತಿರದ ವಿದೇಶವೇ ಅವರ ಪಾಲಿಗೆ ಅತ್ಯಂತ ಕಠಿಣವಾದದ್ದು.

ಕುವೈತ್‌ನ ದಂಡಸಂಹಿತೆಯ 193ನೇ ಕಲಂ, ವಯಸ್ಕ ಗಂಡಸರ ನಡುವಿನ ಒಪ್ಪಿತ ಸಂಬಂಧಕ್ಕೂ ಏಳು ವರ್ಷದವರೆಗೆ ಜೈಲು ವಿಧಿಸುತ್ತದೆ. ಒಮಾನ್ 2018ರಲ್ಲಿ ತಂದ ಹೊಸ ಸಂಹಿತೆಯಲ್ಲಿ ಆರು ತಿಂಗಳಿಂದ ಮೂರು ವರ್ಷ. ಸೌದಿ ಅರೇಬಿಯಾದಲ್ಲಿ ಮರಣದಂಡನೆಯವರೆಗೂ ಅವಕಾಶವಿದೆ. ಯುಎಇ ಇತ್ತೀಚಿನ ವರ್ಷಗಳಲ್ಲಿ ಮದುವೆಯಾಗದ ಗಂಡು–ಹೆಣ್ಣು ಜೊತೆಗಿರುವುದರ ಮೇಲಿನ ನಿರ್ಬಂಧವನ್ನು ಸಡಿಲಿಸಿತು; ಸಲಿಂಗಿಗಳಿಗೆ ಆ ಸಡಿಲಿಕೆ ತಲುಪಲಿಲ್ಲ. ಬಹರೇನ್‌ನಲ್ಲಿ ಮಾತ್ರ 1976ರಿಂದ ಇದು ನೇರ ಅಪರಾಧವಲ್ಲ, ಆದರೆ ಸಾರ್ವಜನಿಕ ನೈತಿಕತೆಯ ಹೆಸರಿನ ಕಲಂಗಳು ಅಲ್ಲೂ ಇವೆ.

ಇಷ್ಟು ಓದಿದವರು, ದುಬೈಯ ಹೋಟೆಲಿನಲ್ಲಿ ಇಬ್ಬರು ಗಂಡಸರು ಒಂದೇ ಕೋಣೆ ಕೇಳಿದ ಕೂಡಲೇ ಪೊಲೀಸರು ಬರುತ್ತಾರೆ ಎಂದುಕೊಳ್ಳಬಹುದು. ಹಾಗೇನೂ ಇಲ್ಲ. ಬೆಡ್‌ಸ್ಪೇಸ್ ಬಾಡಿಗೆಗೆ ಹಿಡಿದು ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಬದುಕುವ ನಾಡು ಅದು. ಇಬ್ಬರು ಗೆಳೆಯರು, ಇಬ್ಬರು ಗೆಳತಿಯರು ಜೊತೆಗಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಅಪಾಯ ಕೋಣೆಗಿಂತ ಹೆಚ್ಚಾಗಿ ಫೋನಿನಲ್ಲಿದೆ. 2024ರ ಫೆಬ್ರವರಿಯಲ್ಲಿ ದೋಹಾದಲ್ಲಿ ಬ್ರಿಟಿಷ್–ಮೆಕ್ಸಿಕನ್ ಪ್ರಜೆಯೊಬ್ಬರನ್ನು ಪೊಲೀಸರು ಬಂಧಿಸಿದ್ದು ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ನಕಲಿ ಗೆಳೆಯನ ಮೂಲಕ. ಕೊನೆಗೆ ಶಿಕ್ಷೆಯಾದದ್ದು ಮಾದಕವಸ್ತುವಿನ ಆರೋಪದ ಮೇಲೆ, ಆ ಮೇಲೆ ಗಡಿಪಾರು. ಈಜಿಪ್ಟ್‌ನಲ್ಲಿ ಇದೇ ಬಗೆಯ ಬಲೆಗಳನ್ನು ಮಾನವ ಹಕ್ಕು ಸಂಘಟನೆಗಳು ವರ್ಷಗಳಿಂದ ದಾಖಲಿಸುತ್ತ ಬಂದಿವೆ. ಪ್ರವಾಸಕ್ಕೆ ಮೊದಲು ಬಟ್ಟೆ ಜೋಡಿಸಿಕೊಳ್ಳುವಷ್ಟೇ ನಿಗಾ ಇಟ್ಟು ಫೋನನ್ನೂ ನೋಡಿಕೊಳ್ಳಬೇಕಾದ್ದು ಇದಕ್ಕಾಗಿ: ಆ್ಯಪ್‌ಗಳನ್ನು ತೆಗೆಯುವುದು, ಚಿತ್ರಗಳನ್ನು ಮನೆಯ ಕಂಪ್ಯೂಟರಿಗೆ ದಾಟಿಸುವುದು, ಹಳೆಯ ಸಂದೇಶಗಳನ್ನು ಅಳಿಸುವುದು. ದೋಹಾದಲ್ಲೋ ದುಬೈಯಲ್ಲೋ ಬರೀ ವಿಮಾನ ಬದಲಿಸುವವರಿಗೂ ಈ ಮಾತು ಅನ್ವಯಿಸುತ್ತದೆ. ಮುಂದಿನ ವಿಮಾನ ತಡವಾಗಿ ಕಂಪನಿಯವರೇ ಹೋಟೆಲಿಗೆ ಕಳುಹಿಸಿದರೆ, ಆ ರಾತ್ರಿ ನೀವು ಆ ದೇಶದ ಕಾನೂನಿನ ಒಳಗೇ ಇರುತ್ತೀರಿ.

ಕರಾವಳಿಯವರಿಗೆ ಇನ್ನೊಂದು ತೊಡಕೂ ಇದೆ. ಪ್ರವಾಸಿ ಕೈಪಿಡಿಗಳಲ್ಲಿ ಅದು ಸಿಗುವುದಿಲ್ಲ. ಗಲ್ಫ್‌ನಲ್ಲಿ ನಮ್ಮ ಊರೇ ಇದೆ. ದುಬೈಯ ಮಾಲ್‌ನಲ್ಲಿ ತುಳು, ಬ್ಯಾರಿ, ಕೊಂಕಣಿ ಕಿವಿಗೆ ಬೀಳುತ್ತವೆ. ಚಿಕ್ಕಪ್ಪನ ಮಗ, ನೆರೆಮನೆಯ ಅಳಿಯ, ಕಾಲೇಜಿನ ಸಹಪಾಠಿ ಎದುರಾಗುತ್ತಾರೆ. ಊರಿನ ಕಣ್ಣಿನಿಂದ ನಾಲ್ಕು ದಿನ ತಪ್ಪಿಸಿಕೊಳ್ಳಲೆಂದು ಹೋದವರ ಫೋಟೊ ಅವರು ಮರಳುವ ಮುಂಚೆಯೇ ಮನೆಯವರ ವಾಟ್ಸ್‌ಆ್ಯಪ್ ಗುಂಪು ಸೇರಬಹುದು. ಪೊಲೀಸರಿಗಿಂತ ಇದಕ್ಕೇ ಹೆದರುವವರು ಹೆಚ್ಚು.

ಅಷ್ಟೆಲ್ಲ ಹೆದರಿಕೆ ಇಟ್ಟುಕೊಂಡು ಹೊರಡುವುದಾದರೂ ಯಾಕೆ? ಉತ್ತರ ನಮ್ಮ ನಗರದ ಇತ್ತೀಚಿನ ಚರಿತ್ರೆಯಲ್ಲಿದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದರಲ್ಲಿ ಯುವತಿಯರನ್ನು ಅಟ್ಟಾಡಿಸಿ ಹೊಡೆಯಲಾಯಿತು. 2012ರ ಜುಲೈ 28ರಂದು ವಾಮಂಜೂರಿಗೆ ಹೆಚ್ಚು ದೂರವಿಲ್ಲದ ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬಕ್ಕೆಂದು ಸೇರಿದ್ದ ಹುಡುಗ–ಹುಡುಗಿಯರ ಮೇಲೆ ಗುಂಪು ದಾಳಿ ನಡೆಯಿತು. ಎರಡೂ ಪ್ರಕರಣಗಳ ಆರೋಪಿಗಳು ನ್ಯಾಯಾಲಯದಲ್ಲಿ ಖುಲಾಸೆಯಾದರು. ಗಂಡು–ಹೆಣ್ಣು ಜೊತೆಗೆ ಕುಳಿತರೇ ಹೀಗಾದ ಊರಿನಲ್ಲಿ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ತಮ್ಮ ಪ್ರೀತಿಯನ್ನು ಬಚ್ಚಿಟ್ಟೇ ಬದುಕುತ್ತಾರೆ. ಗೆಳೆತನದ ಮರೆ ಅವರನ್ನು ಕಾಯುತ್ತದೆ ನಿಜ. ಹೆಸರಿಲ್ಲದ ಸಂಬಂಧವಾಗಿ ವರ್ಷಾನುಗಟ್ಟಲೆ ಉಳಿಯುವುದು ಅದಕ್ಕೆ ತೆರುವ ಬೆಲೆ. ಯಾರದೂ ಪರಿಚಯವಿಲ್ಲದ ಬೀದಿಯಲ್ಲಿ ಕೈಹಿಡಿದು ನಡೆಯುವ ಒಂದು ವಾರ ಅವರಿಗೆ ಶೋಕಿಯಲ್ಲ ಎಂಬುದನ್ನು ಉಳಿದವರು ಅರ್ಥಮಾಡಿಕೊಳ್ಳಬೇಕು.

ಹಾಗಾದರೆ ಎಲ್ಲಿಗೆ? ಜಗತ್ತಿನ ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಸಲಿಂಗ ಸಂಬಂಧ ಇನ್ನೂ ಅಪರಾಧ. ಅವುಗಳಲ್ಲಿ ಹಲವು ನಮ್ಮ ಟ್ರಾವೆಲ್ಸ್ ಕಚೇರಿಗಳ ಹನಿಮೂನ್ ಪ್ಯಾಕೇಜಿನ ಪಟ್ಟಿಯಲ್ಲೇ ಇವೆ. ಮಾಲ್ಡೀವ್ಸ್‌ನ ನೀಲಿ ಕಡಲಿನ ಪೋಸ್ಟರ್ ಹಿಂದೆ ಜೈಲು ಮತ್ತು ಚಡಿಯೇಟಿನ ಕಾನೂನಿದೆ. ಶ್ರೀಲಂಕಾದಲ್ಲಿ ಬ್ರಿಟಿಷರು 1883ರಲ್ಲಿ ಬರೆದ ಕಲಂ ಉಳಿದುಕೊಂಡಿದೆ. ಅದನ್ನು ತೆಗೆಯುವ ಮಸೂದೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದ ಮೇಲೂ ಕಲಂ ಹೋಗಿಲ್ಲ. ನಮ್ಮಲ್ಲಿದ್ದ 377ನೇ ಕಲಮಿನ ಒಡಹುಟ್ಟು ಮಲೇಷ್ಯಾದಲ್ಲಿ 20 ವರ್ಷದವರೆಗಿನ ಶಿಕ್ಷೆಯೊಂದಿಗೆ ಜೀವಂತವಾಗಿದೆ. ಅಲ್ಲಿನ ಸರ್ಕಾರ 2023ರಲ್ಲಿ ಸ್ವಾಚ್ ಕಂಪನಿಯ ಕಾಮನಬಿಲ್ಲು ಬಣ್ಣದ ಕೈಗಡಿಯಾರಗಳನ್ನು ನಿಷೇಧಿಸಿ, ಧರಿಸಿದವರಿಗೆ ಮೂರು ವರ್ಷದವರೆಗೆ ಜೈಲು ಎಂದಿತು. ಸಿಂಗಪುರ ಮಾತ್ರ ಅದೇ ವಸಾಹತು ಕಲಮನ್ನು ರದ್ದುಗೊಳಿಸಿತು. ರದ್ದತಿ ಜಾರಿಯಾದದ್ದು 2023ರ ಜನವರಿಯಲ್ಲಿ.

ಬಾಲಿಯ ವಿಚಾರದಲ್ಲಿ ಹೆಚ್ಚು ಯೋಚಿಸಬೇಕು. ಇಂಡೊನೇಷ್ಯಾದ ಹೊಸ ದಂಡಸಂಹಿತೆ 2026ರ ಜನವರಿ 2ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಮದುವೆಯ ಹೊರಗಿನ ಲೈಂಗಿಕ ಸಂಬಂಧವೇ ಅಪರಾಧ. ದೂರು ಕೊಡುವ ಹಕ್ಕಿರುವುದು ಗಂಡ ಅಥವಾ ಹೆಂಡತಿಗೆ, ತಂದೆತಾಯಿಗೆ, ಮಕ್ಕಳಿಗೆ. ವಿದೇಶಿ ಪ್ರವಾಸಿಗರ ಮೇಲೆ ಯಾರು ದೂರು ಕೊಡುತ್ತಾರೆ ಎಂದು ಅಲ್ಲಿನ ಪ್ರವಾಸೋದ್ಯಮದವರು ಸಮಾಧಾನ ಹೇಳುತ್ತಾರೆ. ಮಗಳ ಸಂಬಂಧವನ್ನು ಮುರಿಯಲು ಯಾವ ಬಾಗಿಲನ್ನಾದರೂ ತಟ್ಟಬಲ್ಲ ಹೆತ್ತವರು ಇರುವ ಸಮಾಜದಿಂದ ಹೋಗುವ ಜೋಡಿಗೆ ಆ ಸಮಾಧಾನ ಸಾಲದು. ಕೇರಳ ಹೈಕೋರ್ಟ್ 2022ರ ಮೇ 31ರಂದು, ಮನೆಯವರು ಬೇರೆ ಮಾಡಿದ್ದ ಇಬ್ಬರು ಯುವತಿಯರನ್ನು ಒಂದುಗೂಡಿಸಿತು. ಅವರಿಬ್ಬರೂ ಹತ್ತಿರವಾದದ್ದು ಸೌದಿ ಅರೇಬಿಯಾದಲ್ಲಿ ಓದುತ್ತಿದ್ದಾಗ. ಕಾಸರಗೋಡಿನ ಆಚೆಯ ಸುದ್ದಿ ಎಂದು ಬದಿಗೆ ಸರಿಸುವಂಥದ್ದಲ್ಲ ಇದು.

ಕನ್ನಡದ ಓದುಗರಿಗೆ ವಸುಧೇಂದ್ರರ ‘ಮೋಹನಸ್ವಾಮಿ’ ಗೊತ್ತು. 2013ರಲ್ಲಿ ಬಂದ ಆ ಸಂಕಲನ ಗೇ ಬದುಕನ್ನು ಕನ್ನಡ ಕಥೆಯ ನಡುಮನೆಗೆ ತಂದು ಕೂರಿಸಿತು. ಅದರಲ್ಲಿ ಕಿಲಿಮಂಜಾರೋ ಏರುವ ಕಥೆಯೂ ಇದೆ. ಆ ಪರ್ವತ ಇರುವ ಟಾಂಜಾನಿಯಾದಲ್ಲಿ ಗಂಡಸರ ನಡುವಿನ ಸಂಬಂಧಕ್ಕೆ ಕನಿಷ್ಠ 30 ವರ್ಷ, ಗರಿಷ್ಠ ಜೀವಾವಧಿ. ಇದನ್ನು ಹೇಳುವುದು ಯಾರನ್ನೂ ತಡೆಯಲು ಅಲ್ಲ. ಶಿಖರ ಎಲ್ಲರದ್ದೂ ಹೌದು. ಆದರೆ ಅದರ ಬುಡದ ಊರಿನಲ್ಲಿ ತಂಗುವ ರಾತ್ರಿಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಹೊರಡುವ ಮೊದಲೇ ತಿಳಿದಿರಬೇಕು.

ನೆಮ್ಮದಿಯ ತಾಣಗಳು ಹತ್ತಿರದಲ್ಲೇ ಇವೆ. ಥಾಯ್ಲೆಂಡ್‌ನಲ್ಲಿ 2025ರ ಜನವರಿ 23ರಿಂದ ಸಲಿಂಗ ವಿವಾಹ ಕಾನೂನುಬದ್ಧ. ತೈವಾನ್‌ನಲ್ಲಿ 2019ರ ಮೇ ತಿಂಗಳಿಂದಲೇ. ನೇಪಾಳದಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಬಳಿಕ 2023ರ ನವೆಂಬರ್‌ನಲ್ಲಿ ಅಂಥ ಮೊದಲ ವಿವಾಹ ನೋಂದಣಿಯಾಯಿತು. ಅಲ್ಲಿಗೆ ಹೋಗಲು ನಮಗೆ ವೀಸಾ ಬೇಕಿಲ್ಲ. ವಿಯೆಟ್ನಾಂ ಮದುವೆಯನ್ನು ಒಪ್ಪಿಲ್ಲ, ಸಂಬಂಧವನ್ನು ಅಪರಾಧವೆನ್ನುವುದೂ ಇಲ್ಲ. ಭೂತಾನ್ ಆ ಕಲಮನ್ನು ಕೈಬಿಟ್ಟು ಕೆಲವು ವರ್ಷಗಳಾದವು. ಯುರೋಪ್ ಎಂದರೆ ಎಲ್ಲವೂ ಸಲೀಸು ಎಂಬ ನಂಬಿಕೆಯೂ ಈಗ ನಿಲ್ಲುವುದಿಲ್ಲ: ಹಂಗೆರಿ 2025ರಲ್ಲಿ ಪ್ರೈಡ್ ಮೆರವಣಿಗೆ ನಿಷೇಧಿಸಲು ಕಾನೂನು ತಂದಿತು, ರಷ್ಯಾದ ಸುಪ್ರೀಂ ಕೋರ್ಟ್ 2023ರಲ್ಲಿ ಇಡೀ ಚಳವಳಿಯನ್ನೇ ಉಗ್ರವಾದ ಎಂದು ಕರೆಯಿತು. ಗಲ್ಫ್‌ನಲ್ಲಿ ದುಡಿಯುವ ನಮ್ಮವರು ರಜೆಗೆ ಇಷ್ಟಪಡುವ ಜಾರ್ಜಿಯಾದಲ್ಲೂ 2024ರಲ್ಲಿ ‘ಕುಟುಂಬ ಮೌಲ್ಯ’ದ ಹೆಸರಿನಲ್ಲಿ ಕಟ್ಟುನಿಟ್ಟಿನ ಕಾಯ್ದೆ ಬಂದಿದೆ. ಸುರಕ್ಷಿತ ತಾಣಗಳತ್ತ ಹೊರಡಬೇಕಾದರೆ ಮಂಗಳೂರಿನವರಿಗೆ ಮೊದಲ ಮೆಟ್ಟಿಲು ಬೆಂಗಳೂರು. ಶಿರಾಡಿ ಘಾಟಿಯ ರಾತ್ರಿ ಬಸ್ಸು ಹಿಡಿದು ದೇವನಹಳ್ಳಿ ತಲುಪಿದರೆ ಬ್ಯಾಂಕಾಕ್, ಸಿಂಗಪುರ, ಫ್ರಾಂಕ್‌ಫರ್ಟ್, ಲಂಡನ್‌ಗೆ ನೇರ ವಿಮಾನಗಳಿವೆ. ಖರ್ಚು ಹೆಚ್ಚು, ಗಲ್ಫ್‌ನಲ್ಲಿ ಇಳಿಯುವ ಪ್ರಸಂಗ ಇಲ್ಲ.

ಇಷ್ಟರವರೆಗೆ ಹೇಳಿದ್ದು ಬೇರೆ ದೇಶಗಳ ಕಾನೂನು. ನನ್ನ ಮಟ್ಟಿಗೆ ದೊಡ್ಡ ಕೊರತೆ ಇರುವುದು ನಮ್ಮ ದೇಶದ ದಾಖಲೆಯಲ್ಲಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿತ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಮದುವೆಯ ಹಕ್ಕನ್ನು ನಿರಾಕರಿಸಿತು. ಹೊರದೇಶದಲ್ಲಾದ ಮದುವೆಯನ್ನು 1969ರ ವಿದೇಶಿ ವಿವಾಹ ಕಾಯ್ದೆಯಡಿ ಒಪ್ಪಬೇಕೆಂಬ ಕೋರಿಕೆಯೂ ಅಂದೇ ಬಿದ್ದುಹೋಯಿತು. ಹಾಗಾಗಿ ಬ್ಯಾಂಕಾಕ್‌ನಲ್ಲಿ ಮದುವೆಯಾಗಿ ಬಂದರೂ ಆ ಪ್ರಮಾಣಪತ್ರಕ್ಕೆ ಮಂಗಳೂರಿನ ಯಾವ ಕಚೇರಿಯಲ್ಲೂ ಬೆಲೆಯಿಲ್ಲ. ಹತ್ತು ವರ್ಷ ಒಂದೇ ಮನೆಯಲ್ಲಿ ಬದುಕಿದವರೂ ವೀಸಾ ಕೇಂದ್ರದ ಕೌಂಟರಿನಲ್ಲಿ ಇಬ್ಬರು ಒಂಟಿ ಪ್ರಯಾಣಿಕರು. ಒಬ್ಬರ ಸಂಬಳ ಇನ್ನೊಬ್ಬರ ಖರ್ಚಿಗೆ ಆಧಾರವೆಂದು ತೋರಿಸಲು ಗಂಡ–ಹೆಂಡತಿಗೆ ಇರುವ ಸಲೀಸು ಇವರಿಗಿಲ್ಲ. ಒಬ್ಬರಿಗೆ ವೀಸಾ ಸಿಕ್ಕಿ ಇನ್ನೊಬ್ಬರಿಗೆ ತಪ್ಪಿದರೆ ಕೇಳುವವರಿಲ್ಲ.

ಆದರೂ ಮಾಡಿಕೊಳ್ಳಬಹುದಾದ್ದು ಕೆಲವಿದೆ. ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು, ಇಂಥ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿದೆ. ವೀಸಾ ಅರ್ಜಿಗೆ ಆರು ತಿಂಗಳ ಜಂಟಿ ಖಾತೆಯ ವಿವರ ಲಗತ್ತಿಸಿದರೆ, ಜೊತೆಗೆ ಬದುಕುತ್ತಿರುವುದಕ್ಕೆ ಅಷ್ಟರಮಟ್ಟಿಗೆ ಪುರಾವೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಕಡ್ಡಾಯವಲ್ಲದ ದೇಶಗಳಿಗೂ ಇಬ್ಬರೂ ಪ್ರತ್ಯೇಕ ಪಾಲಿಸಿ ಮಾಡಿಸಿ, ನಾಮಿನಿಯ ಜಾಗದಲ್ಲಿ ಸಂಗಾತಿಯ ಹೆಸರು ಬರೆಯಬೇಕು. ಆಸ್ಪತ್ರೆಯಲ್ಲಿ ತನ್ನ ಪರವಾಗಿ ಮಾತನಾಡಲು ಇಂಥವರಿಗೆ ಅಧಿಕಾರ ಕೊಟ್ಟಿದ್ದೇನೆ ಎಂಬ ನೋಟರಿ ಮಾಡಿಸಿದ ಇಂಗ್ಲಿಷ್ ಪತ್ರ ಇಬ್ಬರ ಚೀಲದಲ್ಲೂ ಇರಲಿ. ನೂರಕ್ಕೆ ನೂರು ಕೆಲಸ ಮಾಡುತ್ತದೆ ಎಂಬ ಖಾತರಿ ಕೊಡಲಾರೆ. ಏನೂ ಇಲ್ಲದೆ ವಾರ್ಡಿನ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಮೇಲು.

ಅತ್ಯಂತ ಕಷ್ಟದ ಗಳಿಗೆ ಸಾವು. ವಿದೇಶದಲ್ಲಿ ಭಾರತೀಯರು ತೀರಿಕೊಂಡರೆ ದೇಹವನ್ನು ಊರಿಗೆ ಕಳುಹಿಸಲು, ಇಲ್ಲವೇ ಅಲ್ಲೇ ಅಂತ್ಯಕ್ರಿಯೆ ಮಾಡಲು ನಮ್ಮ ರಾಯಭಾರ ಕಚೇರಿ ಹತ್ತಿರದ ಬಂಧುಗಳ ಒಪ್ಪಿಗೆ ಪತ್ರ ಕೇಳುತ್ತದೆ. ಗಲ್ಫ್‌ನಿಂದ ಶವ ತರಿಸಿಕೊಂಡ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟೋ ಇವೆ. ಆ ಕಾಗದಪತ್ರದ ಓಡಾಟ ಏನೆಂದು ಅವರಿಗೆ ಗೊತ್ತು. ಪಕ್ಕದಲ್ಲೇ ಇದ್ದ ಸಂಗಾತಿಯ ಸಹಿಗೆ ಅಲ್ಲಿ ಜಾಗವಿಲ್ಲ. ವರ್ಷಗಳಿಂದ ಮಾತು ಬಿಟ್ಟ ಅಣ್ಣನ ಸಹಿಗೆ ಕಾಯಬೇಕು. ಬಂಧುಗಳು ಸಿಗದಾಗ ಸಂಗಾತಿ ದೇಹವನ್ನು ಪಡೆಯಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟ್‌ನಲ್ಲಿ ಪತ್ರ ಬರೆದದ್ದು ರಾಜ್ಯಗಳಿಗೆ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಗಡಿ ದಾಟಿದ ಮೇಲೆ ಆ ಪತ್ರದ ಬಲವಿಲ್ಲ.

ಸುಪ್ರೀಂ ಕೋರ್ಟಿನ 2023ರ ತೀರ್ಪಿನಂತೆ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ 2024ರ ಏಪ್ರಿಲ್‌ನಲ್ಲಿ ರಚನೆಯಾದ ಸಮಿತಿಯ ಕೆಲಸದಿಂದಲೇ ಪಡಿತರ ಚೀಟಿ, ಬ್ಯಾಂಕ್ ಖಾತೆಯ ಸುತ್ತೋಲೆಗಳು ಬಂದವು. ಮದುವೆಯೊಂದೇ ಕುಟುಂಬ ಕಟ್ಟುವ ದಾರಿಯಲ್ಲ ಎಂದು ಮದ್ರಾಸ್ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಈ ಎರಡರ ಮುಂದಿನ ಹೆಜ್ಜೆ ವಿದೇಶಾಂಗ ಸಚಿವಾಲಯದ್ದು. ನಮ್ಮ ಸಂಸದರು ಇದನ್ನು ಅಲ್ಲಿ ಕೇಳಬೇಕು. ವಿದೇಶದಲ್ಲಿ ಆಸ್ಪತ್ರೆ ಸೇರಿದ, ಬಂಧನಕ್ಕೊಳಗಾದ, ತೀರಿಕೊಂಡ ಪ್ರಜೆಯ ವಿಚಾರದಲ್ಲಿ ಅವರು ಮೊದಲೇ ಬರೆದುಕೊಟ್ಟ ಸಂಗಾತಿಯ ಮಾತನ್ನು ಬಂಧುವಿನ ಮಾತಿನಂತೆ ಕೇಳಿ ಎಂದು ರಾಯಭಾರ ಕಚೇರಿಗಳಿಗೆ ಸೂಚಿಸಲು ಸಂವಿಧಾನದ ತಿದ್ದುಪಡಿ ಬೇಕಿಲ್ಲ, ವಿವಾಹ ಕಾಯ್ದೆಯನ್ನು ಮುಟ್ಟಬೇಕಿಲ್ಲ. ಒಂದು ಸುತ್ತೋಲೆ ಸಾಕು.