ಕೊಳ್ಳುವವರು ಯಾರು, ಬಳಸುವವರು ಯಾರು?

ಕಳೆದ ತಿಂಗಳ ಒಂದು ಭಾನುವಾರ ಸಾಯಂಕಾಲ ನೆರೆಮನೆಯ ಹಿರಿಯ ಮಿತ್ರರು ನಮ್ಮಲ್ಲಿಗೆ ದಯಮಾಡಿಸಿದರು. ಈ ವರ್ಷ ಬಿ. ಎ. ತರಗತಿಗೆ ಸೇರಿರುವ ಮಗಳೂ ಜೊತೆಯಲ್ಲಿದ್ದಳು. ಮಿತ್ರರ ಕೈಯಲ್ಲಿ ಅಂಗಡಿಯವರು ಬರೆದುಕೊಟ್ಟ ಚೀಟಿ. ಅದರಲ್ಲಿ ಒಂದು ಲ್ಯಾಪ್‌ಟಾಪಿನ ವಿವರ, ಬೆಲೆ ೮೫,೦೦೦ ರೂಪಾಯಿ.

“ಭವಿಷ್ಯನಿಧಿಯಿಂದ ಮುಂಗಡ ತೆಗೆದಿದ್ದೇನೆ. ಮಗಳ ವಿದ್ಯೆಯ ಮಾತು; ಎಲ್ಲಕ್ಕಿಂತ ಉತ್ತಮವಾದುದೇ ಇರಲಿ” ಎಂದರು.

ಚೀಟಿಯನ್ನು ಓದಿದೆ. ಅದು ಗಣಕದ ಮೇಲೆ ಆಟವಾಡುವವರಿಗಾಗಿ ರಚಿತವಾದ ಯಂತ್ರ. ಚಿತ್ರಗಳನ್ನು ಕ್ಷಿಪ್ರವಾಗಿ ಮೂಡಿಸಲು ಅದರಲ್ಲಿ ಪ್ರತ್ಯೇಕವಾದ ಗ್ರಾಫಿಕ್ಸ್ ಚಿಪ್ ಇರುತ್ತದೆ. ಆ ಚಿಪ್ ವಿದ್ಯುತ್ತನ್ನು ಹೀರಿ ಕಾವೇರುತ್ತದೆ. ಕಾವನ್ನು ಕಳೆಯಲು ಫ್ಯಾನುಗಳು ಬೇಕು. ಫ್ಯಾನುಗಳಿಂದ ಗಾತ್ರ, ಗಾತ್ರದಿಂದ ಭಾರ. ಈ ಯಂತ್ರದ ತೂಕ ಎರಡೂವರೆ ಕಿಲೋಗ್ರಾಂ. ಚಾರ್ಜರಿನ ತೂಕ ಬೇರೆ.

“ನಿನಗೆ ಇದರಿಂದ ಆಗಬೇಕಾದ ಕೆಲಸವೇನಮ್ಮ?” ಎಂದು ಹುಡುಗಿಯನ್ನು ಕೇಳಿದೆ.

ಅದುವರೆಗೆ ಮೌನವಾಗಿದ್ದವಳು ಹೇಳಿದಳು: “ಟಿಪ್ಪಣಿ, ಪ್ರಬಂಧಗಳನ್ನು ಕನ್ನಡದಲ್ಲಿ ಟೈಪ್ ಮಾಡಬೇಕು, ಪುಸ್ತಕಗಳನ್ನು ಓದಬೇಕು. ಕಾಲೇಜಿಗೆ ಎರಡು ಬಸ್ಸು ಹಿಡಿಯಬೇಕು, ಸಾರ್. ಎಷ್ಟೋ ದಿನ ನಿಂತೇ ಹೋಗುತ್ತೇನೆ.”

ತಂದೆ ಅವಳ ಮುಖವನ್ನೇ ನೋಡಿದರು.

ಎಂಜಿನಿಯರಿಂಗ್ ನಕ್ಷೆಗಳನ್ನು ರಚಿಸುವವರಿಗೆ, ಚಲನಚಿತ್ರ ಸಂಕಲನ ಕಲಿಯುವವರಿಗೆ ಆ ಚಿಪ್ ಅಗತ್ಯವೇ ಹೌದು. ಕನ್ನಡ ಬರೆಯುವುದಕ್ಕೆ ಅದು ಬೇಕಿಲ್ಲ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತಕ್ರಮದ ಮೊದಲ ಆವೃತ್ತಿಯಲ್ಲಿಯೇ ನಮ್ಮ ಅಕ್ಷರಗಳು ಸೇರಿವೆ. ಇಂದಿನ ಸಾಧಾರಣ ಯಂತ್ರವೂ ಕನ್ನಡವನ್ನು ನಿರಾಯಾಸವಾಗಿ ಬರೆಯಬಲ್ಲುದು.

ಹಾಗಾದರೆ ನೋಡಬೇಕಾದುದೇನು? ಬರವಣಿಗೆ ಮತ್ತು ಓದಿಗೆ ೮ ಜಿಬಿ ರ‍್ಯಾಮ್ ಸಾಕು. ಐದಾರು ವರ್ಷ ಬಾಳಬೇಕೆಂದಿದ್ದರೆ ೧೬ ಜಿಬಿ ಲೇಸು. ತೆಳುವಾದ ಅನೇಕ ಯಂತ್ರಗಳಲ್ಲಿ ರ‍್ಯಾಮನ್ನು ಮೂಲಫಲಕಕ್ಕೇ ಬೆಸೆದಿರುತ್ತಾರೆ; ಅಂಥದರಲ್ಲಿ ಮುಂದೆ ಹೆಚ್ಚಿಸಲಾಗದು. ಇದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಸಂಗ್ರಹಕ್ಕೆ ತಿರುಗುವ ಹಾರ್ಡ್ ಡಿಸ್ಕಿಗಿಂತ ಎಸ್‌ಎಸ್‌ಡಿ ಮೇಲು. ಅದರಲ್ಲಿ ಚಲಿಸುವ ಭಾಗಗಳಿಲ್ಲವಾದ್ದರಿಂದ ಬಸ್ಸಿನ ಕುಲುಕಾಟವನ್ನು ತಾಳುತ್ತದೆ. ಯಂತ್ರವೂ ಬೇಗ ಸಿದ್ಧವಾಗುತ್ತದೆ. ಬ್ಯಾಟರಿ ಇಷ್ಟು ಗಂಟೆ ನಡೆಯುವುದೆಂದು ಜಾಹೀರಾತು ಹೇಳಿದರೆ, ನಿತ್ಯದ ಬಳಕೆಯಲ್ಲಿ ಅದಕ್ಕಿಂತ ಕಡಿಮೆಯೆಂದೇ ಎಣಿಸಬೇಕು. ಕಡೆಯದಾಗಿ, ಅಂಗಡಿಯಲ್ಲಿಯೇ ಅರ್ಧ ಪುಟ ಟೈಪ್ ಮಾಡಿ, ಯಂತ್ರವನ್ನು ಕೈಯಲ್ಲೆತ್ತಿ ನೋಡಬೇಕು.

ಈ ಉಪದೇಶ ಮಾಡುವ ನಾನೇನೂ ಜಾಣನಲ್ಲ. ಮೂರು ವರ್ಷದ ಹಿಂದೆ ಪರದೆಯ ವೈಶಾಲ್ಯಕ್ಕೆ ಮರುಳಾಗಿ ದೊಡ್ಡದೊಂದನ್ನು ಕೊಂಡೆ. ಕಾಲೇಜಿಗೆ ಎರಡು ವಾರ ಹೊತ್ತೆ. ಅಂದಿನಿಂದ ಅದು ಮೇಜಿನ ಮೇಲೆಯೇ ವಿರಾಜಮಾನವಾಗಿದೆ.

ಮುಂದಿನ ವಾರ ತಂದೆ ಮಗಳು ಮತ್ತೆ ಅಂಗಡಿಗೆ ಹೋದರು. ಈ ಸಲ ಆರಿಸಿದವಳು ಮಗಳು. ಹದಿನಾಲ್ಕು ಅಂಗುಲದ ಪರದೆ, ಒಂದೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕ, ಬೆಲೆ ೫೨,೦೦೦ ರೂಪಾಯಿ. ಉಳಿದ ಹಣ ಮುಂದಿನ ವರ್ಷದ ಶುಲ್ಕಕ್ಕೆಂದು ಬ್ಯಾಂಕಿನಲ್ಲಿದೆ.

“ಮೊದಲು ಅವಳನ್ನೇ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ ನೋಡಿ” ಎಂದರು ಮಿತ್ರರು.

ವಾಚಕ ಮಹಾಶಯರೆ, ನಿಮ್ಮ ಮನೆಗೂ ಲ್ಯಾಪ್‌ಟಾಪ್ ಬರುವುದಿದ್ದರೆ, ಅಂಗಡಿಯವನನ್ನು ಕೇಳುವ ಮೊದಲು ಅದನ್ನು ಹೊರುವವರನ್ನು ಕೇಳಿರಿ.