ಬೆವರಿಗೆ ತೆರಿಗೆ, ಬಳುವಳಿಗೆ ವಿನಾಯಿತಿ

ಬೆಂಗಳೂರಿನ ಜಯನಗರದಲ್ಲಿ ನನಗೊಂದು ಮನೆಯಿದೆ. ಅದು ನಾನು ದುಡಿದು ಕೊಂಡದ್ದಲ್ಲ. ಸರ್ಕಾರಿ ನೌಕರರಾಗಿದ್ದ ನನ್ನ ತಂದೆ ಅರವತ್ತರ ದಶಕದಲ್ಲಿ ನಿವೇಶನ ಪಡೆದು, ಸಾಲ ಮಾಡಿ ಕಟ್ಟಿಸಿದ ಮನೆ. ಅವರ ಕಾಲಾನಂತರ ಖಾತೆ ನನ್ನ ಹೆಸರಿಗೆ ವರ್ಗವಾಯಿತು. ಮೂವತ್ತೈದು ವರ್ಷ ನಾನು ಪಡೆದ ಸಂಬಳವನ್ನೆಲ್ಲ ಕೂಡಿಸಿದರೂ ಅದರ ಇಂದಿನ ಬೆಲೆಯನ್ನು ಮುಟ್ಟುವುದಿಲ್ಲ. ಆದರೆ ಆ ಸಂಬಳದಿಂದ ತಿಂಗಳು ತಿಂಗಳೂ ಆದಾಯ ತೆರಿಗೆ ಕಡಿತವಾಗುತ್ತಿತ್ತು. ಕುಳಿತಲ್ಲಿಗೇ ಬಂದ ಮನೆಗೆ ಮಾತ್ರ, ಪಾಲಿಕೆಗೆ ಕಟ್ಟುವ ಆಸ್ತಿ ತೆರಿಗೆಯನ್ನು ಬಿಟ್ಟರೆ, ಯಾರೂ ಏನನ್ನೂ ಕೇಳಲಿಲ್ಲ.

ಒಂದು ಮನೆಯ ಮಾತೇ ಹೀಗಿರುವಾಗ, ಸಾವಿರಾರು ಕೋಟಿಗಳು ತಲೆಮಾರಿನಿಂದ ತಲೆಮಾರಿಗೆ ಇದೇ ರೀತಿ ದಾಟುತ್ತಿರುವುದನ್ನು ನಾವು ಯೋಚಿಸಬೇಕಲ್ಲವೇ? ವಿಶ್ವ ಅಸಮಾನತೆ ಪ್ರಯೋಗಾಲಯ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022-23ರಲ್ಲಿ ಭಾರತದ ಒಟ್ಟು ಸಂಪತ್ತಿನ ಸುಮಾರು ಶೇ 40ರಷ್ಟು ಭಾಗ ಮೇಲ್ತುದಿಯ ಶೇ 1ರಷ್ಟು ಜನರ ಕೈಯಲ್ಲಿತ್ತು. ಅಂದಾಜಿನ ವಿಧಾನದ ಬಗ್ಗೆ ತಕರಾರುಗಳಿರಬಹುದು. ಅಂತರ ದೊಡ್ಡದು ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಇದನ್ನು ತಡೆಯುವ ಸಾಧನಗಳು ನಮ್ಮಲ್ಲಿರಲಿಲ್ಲ ಎಂದಲ್ಲ. ಮೃತರ ಆಸ್ತಿಯ ಮೇಲಿನ ಎಸ್ಟೇಟ್ ಸುಂಕ 1953ರಲ್ಲೇ ಜಾರಿಗೆ ಬಂದಿತ್ತು. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ ಅವರ ಶಿಫಾರಸಿನ ಮೇರೆಗೆ 1957ರಲ್ಲಿ ಸಂಪತ್ತು ತೆರಿಗೆ ಬಂತು. ಮೊದಲನೆಯದು 1985ರಲ್ಲಿ ರದ್ದಾಯಿತು, ಎರಡನೆಯದಕ್ಕೆ 2015ರ ಬಜೆಟ್ ಮಂಗಳ ಹಾಡಿತು. ಎರಡೂ ಸಂದರ್ಭಗಳಲ್ಲಿ ಕೊಟ್ಟ ಕಾರಣ ಒಂದೇ: ವಸೂಲಿ ಅತ್ಯಲ್ಪ, ತೊಂದರೆ ಅಪಾರ.

ವಸೂಲಿ ಅಲ್ಪವಾಗಿತ್ತು, ನಿಜ. 2013-14ರಲ್ಲಿ ಸಂಪತ್ತು ತೆರಿಗೆಯಿಂದ ಬಂದದ್ದು ಸುಮಾರು ಒಂದು ಸಾವಿರ ಕೋಟಿ ರೂಪಾಯಿ ಮಾತ್ರ. ಆದರೆ ಏಕೆ? ತೊಂಬತ್ತರ ದಶಕದ ಆರಂಭದ ತಿದ್ದುಪಡಿಯಲ್ಲಿ ಷೇರುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಅತಿ ಶ್ರೀಮಂತರ ಐಶ್ವರ್ಯದ ದೊಡ್ಡ ಪಾಲು ಇರುವುದೇ ಷೇರುಗಳಲ್ಲಿ. ಬಲೆಯಲ್ಲಿ ದೊಡ್ಡ ತೂತು ಬಿಟ್ಟು, ಮೀನು ಸಿಗಲಿಲ್ಲವೆಂದು ಬಲೆಯನ್ನೇ ಸುಟ್ಟಂತಾಯಿತು ಇದು.

ಹಾಗಾದರೆ ಬೊಕ್ಕಸದ ಭಾರ ಯಾರ ಹೆಗಲ ಮೇಲೆ? 2019ರಲ್ಲಿ ಕಂಪೆನಿಗಳ ತೆರಿಗೆಯ ಮೂಲ ದರವನ್ನು ಶೇ 30ರಿಂದ ಶೇ 22ಕ್ಕೆ ಇಳಿಸಲಾಯಿತು. 2023-24ರಲ್ಲಿ ವ್ಯಕ್ತಿಗಳು ಕಟ್ಟಿದ ಆದಾಯ ತೆರಿಗೆ ಕಂಪೆನಿಗಳು ಕಟ್ಟಿದ್ದಕ್ಕಿಂತ ಹೆಚ್ಚಾಗಿತ್ತು. 2025ರ ಬಜೆಟ್ ಮಧ್ಯಮ ವರ್ಗಕ್ಕೆ ಒಂದಿಷ್ಟು ರಿಯಾಯಿತಿ ನೀಡಿತಾದರೂ, ಹೊಸ ಪದ್ಧತಿಯಲ್ಲಿ 24 ಲಕ್ಷ ರೂಪಾಯಿ ಮೀರಿದ ಸಂಬಳಕ್ಕೆ ದರ ಶೇ 30. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರನ್ನು ಮಾರಿ ಕೋಟಿಗಟ್ಟಲೆ ಗಳಿಸಿದವರಿಗೆ ಅದು ಶೇ 12.5. ಇನ್ನು ಸರಕು ಮತ್ತು ಸೇವಾ ತೆರಿಗೆ ಕೊಳ್ಳುವವರ ಮುಖ ನೋಡುವುದಿಲ್ಲ. ನಮ್ಮ ಮನೆಯ ಕೆಲಸಕ್ಕೆ ಬರುವ ಹೆಣ್ಣುಮಗಳು ಒಂದು ಸೋಪಿಗೆ ತೆರುವಷ್ಟನ್ನೇ ನಾನೂ ತೆರುತ್ತೇನೆ, ಉದ್ಯಮಪತಿಯೂ ತೆರುತ್ತಾನೆ. ರಾಜ್ಯದ ವೃತ್ತಿ ತೆರಿಗೆಯೂ ಅಷ್ಟೇ. ಅದಕ್ಕೆ ಸಂವಿಧಾನ ವಿಧಿಸಿರುವ ಗರಿಷ್ಠ ಮಿತಿ ವರ್ಷಕ್ಕೆ 2,500 ರೂಪಾಯಿ. ಗುಮಾಸ್ತನಿಗೂ ಕೋಟಿ ಸಂಬಳದ ಅಧಿಕಾರಿಗೂ ಒಂದೇ ಅಳತೆಗೋಲು.

ಸಿರಿವಂತರ ಮೇಲೆ ತೆರಿಗೆ ಎಂದೊಡನೆ ಮೊದಲು ಬೆಚ್ಚುವವರು ನಮ್ಮಂಥ ಮಧ್ಯಮ ವರ್ಗದವರೇ ಎಂಬುದು ವಿಚಿತ್ರ. 2024ರ ಲೋಕಸಭಾ ಚುನಾವಣೆಯಲ್ಲಿ ಪಿತ್ರಾರ್ಜಿತ ಆಸ್ತಿಯ ತೆರಿಗೆಯ ಮಾತು ಬಂದಾಗ ಒಂದು ಪಕ್ಷ ಅದನ್ನು ಗುಮ್ಮನನ್ನಾಗಿಸಿತು, ಇನ್ನೊಂದು ಅಂಥ ಆಲೋಚನೆಯೇ ತನಗಿಲ್ಲವೆಂದು ಕೈತೊಳೆದುಕೊಂಡಿತು. ಚರ್ಚೆ ನಡೆಯಲೇ ಇಲ್ಲ. ಬಂಡವಾಳಶಾಹಿ ರಾಷ್ಟ್ರವಾದ ಜಪಾನಿನಲ್ಲಿ ಈ ತೆರಿಗೆಯ ಗರಿಷ್ಠ ದರ ಶೇ 55, ಬ್ರಿಟನ್ನಿನಲ್ಲಿ ಶೇ 40. ನಾವು ಅಷ್ಟು ದೂರ ಹೋಗಬೇಕಿಲ್ಲ. ಇಪ್ಪತ್ತು ಕೋಟಿ ರೂಪಾಯಿಯವರೆಗೆ ಪೂರ್ಣ ವಿನಾಯಿತಿ ಕೊಟ್ಟು, ಅದನ್ನು ಮೀರಿದ ಭಾಗಕ್ಕಷ್ಟೇ ಷೇರುಗಳನ್ನೂ ಒಳಗೊಂಡಂತೆ ತೆರಿಗೆ ವಿಧಿಸಿದರೆ, ನಿವೃತ್ತ ಶಿಕ್ಷಕರ ಮನೆಗಾಗಲಿ ರೈತರ ಹೊಲಕ್ಕಾಗಲಿ ಸಾಮಾನ್ಯವಾಗಿ ಅದು ತಟ್ಟುವುದಿಲ್ಲ.

ತೆರಿಗೆ ಹಾಕಿದರೆ ಸಿರಿವಂತರು ದೇಶ ಬಿಟ್ಟು ಹೋಗುತ್ತಾರೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೆಲವರು ಹೋದಾರು. ಆದರೆ ಅವರ ಭೂಮಿ, ಕಾರ್ಖಾನೆ, ಮಾರುಕಟ್ಟೆ ಇಲ್ಲಿಯೇ ಇರುತ್ತವೆ. ಈ ಸಮಸ್ಯೆ ಎಲ್ಲ ದೇಶಗಳದ್ದೂ ಆಗಿರುವುದರಿಂದಲೇ, 2024ರಲ್ಲಿ ರಿಯೊ ಡಿ ಜನೈರೊದಲ್ಲಿ ಸೇರಿದ ಜಿ-20 ನಾಯಕರು ಅತಿ ಶ್ರೀಮಂತರಿಗೆ ಪರಿಣಾಮಕಾರಿಯಾಗಿ ತೆರಿಗೆ ವಿಧಿಸಲು ಸಹಕರಿಸುವ ಮಾತನ್ನಾಡಿದರು. ಆ ಗುಂಪಿನಲ್ಲಿ ಭಾರತವೂ ಇದೆ.

ಸಂಪತ್ತು ಕೆಲವರಲ್ಲೇ ಕೇಂದ್ರೀಕೃತವಾಗದಂತೆ ಆರ್ಥಿಕ ವ್ಯವಸ್ಥೆಯನ್ನು ನಡೆಸಬೇಕೆಂದು ಸಂವಿಧಾನದ 39ನೇ ವಿಧಿ ಸರ್ಕಾರಕ್ಕೆ ನಿರ್ದೇಶಿಸುತ್ತದೆ. ಅದು ಸಿರಿವಂತರ ಮೇಲಿನ ಸಿಟ್ಟಿನಿಂದ ಹುಟ್ಟಿದ ಮಾತಲ್ಲ. ನನ್ನ ಮನೆಯ ಬೆಲೆಯನ್ನೇ ನೋಡಿ. ನಾನು ಗೋಡೆಗೆ ಸುಣ್ಣ ಬಳಿಸಿದ್ದರಿಂದ ಅದು ಏರಲಿಲ್ಲ. ಸಾರ್ವಜನಿಕ ಹಣದಿಂದ ನೂರು ಕಿಲೋಮೀಟರ್ ದೂರದ ಕಾವೇರಿ ನೀರು ನಗರಕ್ಕೆ ಬಂತು, ರಸ್ತೆಗಳು ಬಂದವು, 2017ರಲ್ಲಿ ಮೆಟ್ರೊ ಬಂತು, ಅದರಿಂದ ಏರಿತು. ಆ ಹಣದಲ್ಲಿ ಸೋಪು ಕೊಂಡ ಹೆಣ್ಣುಮಗಳ ಪಾಲೂ ಇತ್ತು. ನನ್ನ ಮನೆಯ ಬೆಲೆ ಮುಂದೊಂದು ದಿನ ವಿನಾಯಿತಿಯ ಮಿತಿಯನ್ನು ದಾಟಿದರೆ, ದಾಟಿದ ಭಾಗಕ್ಕೆ ನನ್ನ ಮಕ್ಕಳು ತೆರಿಗೆ ಕಟ್ಟಲಿ. ಅದು ದಂಡವಲ್ಲ, ಹಳೆಯ ಬಾಕಿ.