ರಸೀದಿಯಲ್ಲಿದ್ದ ಒಂದು ಸಾಲು

ಮಕ್ಕಳೇ, ನನ್ನ ತಂಗಿಯ ಮೊಮ್ಮಗಳು ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಮೊನ್ನೆ ಫೀಸು ಕಟ್ಟಿದ ರಸೀದಿಯನ್ನು ವಾಟ್ಸಾಪಿನಲ್ಲಿ ನನಗೆ ಕಳಿಸಿ ಫೋನು ಮಾಡಿದಳು. "ಅಜ್ಜ, ಇದರಲ್ಲಿ ಕ್ರೀಡಾ ಶುಲ್ಕ ಅಂತ ಒಂದು ಸಾಲಿದೆ ನೋಡಿ. ನಾನು ಇಲ್ಲಿ ಒಂದು ದಿನವೂ ಚೆಂಡು ಮುಟ್ಟಿಲ್ಲ. ಈ ದುಡ್ಡು ಎಲ್ಲಿಗೆ ಹೋಗುತ್ತೆ?"

ಮೂವತ್ತಾರು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು ನಾನು. ಜಮಾ ಕಾಣಿಸಿ ಖರ್ಚು ಕಾಣಿಸದ ಲೆಕ್ಕ ಎದುರಿಗೆ ಬಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಕನ್ನಡಕ ಹಾಕಿಕೊಂಡು ಕೂತೆ. ಓದುತ್ತಾ ಹೋದ ಹಾಗೆ ದೊಡ್ಡದೊಂದು ಕಥೆಯೇ ಬಿಚ್ಚಿಕೊಂಡಿತು. ಅದನ್ನೇ ಈ ವಾರ ನಿಮಗೆ ಹೇಳುತ್ತೇನೆ.

ಮೊದಲು ಅಲ್ಲಿನ ಕಾಲೇಜು ಆಟ ಎಂದರೆ ಏನು ಅಂತ ತಿಳಿಯಬೇಕು. ನಮ್ಮಲ್ಲಿ ಕಾಲೇಜು ಪಂದ್ಯ ನೋಡಲು ಸಹಪಾಠಿಗಳು ಬಂದರೆ ಅದೇ ಹೆಚ್ಚು. ಅಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನ ಒಂದರಲ್ಲೇ 1 ಲಕ್ಷದ 7 ಸಾವಿರಕ್ಕೂ ಹೆಚ್ಚು ಜನ ಕೂರಬಹುದು. (ಫುಟ್‌ಬಾಲ್ ಎಂದರೆ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಆಟಕ್ಕೆ ಆ ಹೆಸರು ಯಾಕೆ ಬಂತೋ!) ಟಿಕೆಟ್ಟು, ಟಿವಿ, ಜಾಹೀರಾತು ಎಲ್ಲ ಸೇರಿ ಕೋಟಿ ಕೋಟಿ ಡಾಲರ್ ಬರುತ್ತದೆ. ತರಬೇತುದಾರರಿಗೆ ಭಾರೀ ಸಂಬಳ. ಆಡುವ ಹುಡುಗರಿಗೆ ಮಾತ್ರ ಬಹುಕಾಲ ವಿದ್ಯಾರ್ಥಿವೇತನ, ಅಂದರೆ ಫೀಸು, ಊಟ, ವಸತಿ ಇಷ್ಟೇ ಸಿಗುತ್ತಿತ್ತು. ಅದರ ಮೇಲೆ ಒಂದು ಡಾಲರ್ ಕೈಗೆ ಬಂದರೂ ತಪ್ಪಾಗುತ್ತಿತ್ತು. "ಇವರು ವಿದ್ಯಾರ್ಥಿಗಳು, ಕೂಲಿ ಆಳುಗಳಲ್ಲ" ಎಂಬುದು ಎನ್‌ಸಿಎಎ ಎಂಬ ಸಂಸ್ಥೆಯ ವಾದ. 1906ರಲ್ಲಿ ಹುಟ್ಟಿದ ಈ ಸಂಸ್ಥೆ ಅಲ್ಲಿನ ಕಾಲೇಜು ಆಟಗಳಿಗೆಲ್ಲ ಯಜಮಾನನಿದ್ದ ಹಾಗೆ.

ಕೊಡಬಾರದು ಎಂದ ಮಾತ್ರಕ್ಕೆ ಕೊಡದೆ ಇರುತ್ತಾರೆಯೇ? ಮೇಜಿನ ಕೆಳಗಿನಿಂದ ಕೊಟ್ಟರು. ಟೆಕ್ಸಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ತಂಡಕ್ಕೆ ಸಿರಿವಂತ ಅಭಿಮಾನಿಗಳಿದ್ದರು. ಅವರ ಹಣದಿಂದ 13 ಆಟಗಾರರಿಗೆ ಗುಟ್ಟಾಗಿ ಒಟ್ಟು ಸುಮಾರು 61,000 ಡಾಲರ್ ಸಂದಾಯವಾಗಿತ್ತು. ಅದು ಬಯಲಾದಾಗ ಎನ್‌ಸಿಎಎ ತಂಡದ 1987ರ ಇಡೀ ಋತುವನ್ನೇ ರದ್ದು ಮಾಡಿತು. ಜನ ಅದನ್ನು ಈಗಲೂ 'ಮರಣದಂಡನೆ' ಎಂದೇ ಕರೆಯುತ್ತಾರೆ. ಆಗ ಟೆಕ್ಸಾಸಿನ ಗವರ್ನರ್ ಆಗಿದ್ದ ಬಿಲ್ ಕ್ಲೆಮೆಂಟ್ಸ್ ಅದಕ್ಕೂ ಮುಂಚೆ ಅದೇ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದವರು. ಹಣ ಕೊಡುವುದನ್ನು ಮುಂದುವರಿಸಲು ತಾವೂ ಒಪ್ಪಿದ್ದಾಗಿ ಅವರೇ ಬಾಯಿಬಿಟ್ಟರು! ನೋಡಿ, ಗುಟ್ಟು ಎಷ್ಟು ಎತ್ತರಕ್ಕೆ ಹತ್ತಿತ್ತು.

ಆಮೇಲಿನದು ನಿಮಗೆ ಇಷ್ಟವಾಗುವ ಭಾಗ. ಎಡ್ ಒಬ್ಯಾನನ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರ 1995ರಲ್ಲಿ ತನ್ನ ಕಾಲೇಜಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದ. ಎಷ್ಟೋ ವರ್ಷಗಳ ನಂತರ ಗೆಳೆಯನ ಮನೆಗೆ ಹೋದಾಗ ಅಲ್ಲಿನ ಹುಡುಗ ವಿಡಿಯೋ ಗೇಮ್ ಆಡುತ್ತಿದ್ದ. ಪರದೆಯ ಮೇಲೆ ಓಡುತ್ತಿದ್ದವನು ತಾನೇ! ಅದೇ ಮೈಕಟ್ಟು, ಅದೇ 31ನೇ ನಂಬರಿನ ಅಂಗಿ. ಕೇಳಿದವರಿಲ್ಲ, ಬಿಡಿಗಾಸು ಕೊಟ್ಟವರೂ ಇಲ್ಲ. 2009ರಲ್ಲಿ ಆತ ಕೋರ್ಟಿಗೆ ಹೋದ, 2014ರಲ್ಲಿ ಗೆದ್ದ. ಅಲ್ಲಿಂದ ಹಳೆಯ ಗೋಡೆ ಬಿರುಕು ಬಿಡುತ್ತಾ ಬಂತು. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಇನ್ನೊಂದು ಮೊಕದ್ದಮೆಯಲ್ಲಿ ಆಟಗಾರರ ಪರವಾಗಿ ನಿಂತರು. ಮರು ತಿಂಗಳ ಮೊದಲ ದಿನದಿಂದಲೇ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿದ ಜಾಹೀರಾತಿಗೆ ಹಣ ಪಡೆಯಬಹುದು ಎಂದಾಯಿತು.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಇನ್ನೂ ದೊಡ್ಡ ಬಾಗಿಲು ತೆರೆದರು. ಗ್ರಾಂಟ್ ಹೌಸ್ ಎಂಬ ಈಜುಗಾರನ ಹೆಸರಿನಲ್ಲಿದ್ದ ಮೊಕದ್ದಮೆಯಲ್ಲಿ ಆದ ರಾಜಿಗೆ ಅವರು ಒಪ್ಪಿಗೆ ಕೊಟ್ಟರು. ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ. ಇನ್ನು ಮುಂದೆ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದೊಂದು ವಿಶ್ವವಿದ್ಯಾಲಯದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ನಮ್ಮ ರೂಪಾಯಿಯಲ್ಲಿ ಅದು ನೂರೈವತ್ತು ಕೋಟಿಗೂ ಮೀರುತ್ತದೆ.

ಒಳ್ಳೆಯದೇ ಆಯಿತು. ದುಡಿದವರಿಗೆ ದುಡ್ಡು ಸಿಕ್ಕಿತು. ಆದರೆ ಮೇಷ್ಟರ ಬುದ್ಧಿ ನನ್ನದು, ಮುಂದಿನ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಯಾವ ಆಟಕ್ಕೆ ಎಷ್ಟು? ಹುಡುಗರಿಗೆ ಎಷ್ಟು, ಹುಡುಗಿಯರಿಗೆ ಎಷ್ಟು?

ಇಲ್ಲಿಗೆ ಬಂದ ಕೂಡಲೇ ಬಾಗಿಲು ಮುಚ್ಚಿಕೊಳ್ಳುತ್ತದೆ!

ಜಾಹೀರಾತಿನ ಒಪ್ಪಂದ 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನದಾದರೆ ಆಟಗಾರರು ಅದನ್ನು ವರದಿ ಮಾಡಲೇಬೇಕು ಎಂದು ನಿಯಮವಿದೆ. ಆದರೆ ಆ ವರದಿ ಹೋಗುವುದು ಅದಕ್ಕೆಂದೇ ತೆರೆದ ಒಂದು ಕಚೇರಿಗೆ, ಜನರ ಮುಂದಕ್ಕಲ್ಲ. ನಮ್ಮ ಮಾಹಿತಿ ಹಕ್ಕಿನಂಥ ಕಾನೂನು ಅಲ್ಲಿನ ರಾಜ್ಯಗಳಲ್ಲೂ ಇದೆ. ಅದರಡಿ ಪತ್ರಕರ್ತರು ಕೇಳಿದರೆ ಎಷ್ಟೋ ಸರ್ಕಾರಿ ವಿಶ್ವವಿದ್ಯಾಲಯಗಳು 1974ರ ಒಂದು ಕಾಯ್ದೆಯನ್ನು ತೋರಿಸುತ್ತವೆ. ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಯನ್ನು ಹೊರಗಿನವರಿಗೆ ಕೊಡಬಾರದು ಎನ್ನುವ ಕಾಯ್ದೆ ಅದು. ಒಳ್ಳೆಯ ಕಾಯ್ದೆಯೇ. ನಿಮ್ಮ ಮಾರ್ಕ್ಸ್ ಕಾರ್ಡನ್ನು ಪಕ್ಕದ ಮನೆ ಆಂಟಿಗೆ ಶಾಲೆಯವರು ತೋರಿಸಿದರೆ ನಿಮಗೆ ಹೇಗಾಗುತ್ತದೆ? ಆದರೆ ಲಕ್ಷಾಂತರ ಡಾಲರಿನ ಒಪ್ಪಂದವೂ ಮಾರ್ಕ್ಸ್ ಕಾರ್ಡೂ ಒಂದೇ ಜಾತಿಯವು ಎನ್ನುವುದನ್ನು ನಾನಂತೂ ಒಪ್ಪಲಾರೆ.

ಯೂಟಾ ರಾಜ್ಯದಲ್ಲಿ 'ಡೆಸರೆಟ್ ನ್ಯೂಸ್' ಪತ್ರಿಕೆ ಆಟಗಾರರ ಒಪ್ಪಂದಗಳನ್ನು ತೋರಿಸಿ ಎಂದು ಪಟ್ಟು ಹಿಡಿಯಿತು. 2023ರಲ್ಲಿ ರಾಜ್ಯದ ದಾಖಲೆ ಸಮಿತಿ ಪತ್ರಿಕೆಯ ಪರವಾಗಿಯೇ ತೀರ್ಪು ಕೊಟ್ಟಿತು. 2024ರಲ್ಲಿ ಶಾಸನಸಭೆ ಕಾನೂನನ್ನೇ ಬದಲಿಸಿ ಆ ಒಪ್ಪಂದಗಳನ್ನು ಗುಟ್ಟಿನ ದಾಖಲೆ ಮಾಡಿತು. ತಮಾಷೆ ಏನೆಂದರೆ, ಸರ್ಕಾರಿ ವಿಶ್ವವಿದ್ಯಾಲಯದ ತರಬೇತುದಾರರ ಸಂಬಳ ಮಾತ್ರ ಬಹಿರಂಗ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಅತಿ ಹೆಚ್ಚು ಸಂಬಳ ಪಡೆಯುವವರು ಗವರ್ನರ್ ಅಲ್ಲ, ಕಾಲೇಜಿನ ಆಟದ ಕೋಚ್! ಅದು ಪತ್ರಿಕೆಯಲ್ಲಿ ಬರುತ್ತದೆ.

ಗುಟ್ಟಿನಿಂದ ಯಾರಿಗೆ ನಷ್ಟ ಅಂತೀರಾ? 2024ರ ಸೆಪ್ಟೆಂಬರಿನಲ್ಲಿ ನೆವಾಡದ ಒಂದು ವಿಶ್ವವಿದ್ಯಾಲಯದ ತಂಡ ಮೊದಲ ಮೂರೂ ಪಂದ್ಯ ಗೆದ್ದಿತ್ತು. ಅಷ್ಟರಲ್ಲಿ ಅದರ ಮುಖ್ಯ ಆಟಗಾರ ತಂಡ ಬಿಟ್ಟು ನಡೆದ. ತಂಡದ ಕಡೆಯವರು 1 ಲಕ್ಷ ಡಾಲರ್ ಕೊಡುತ್ತೇವೆಂದು ಬಾಯಿಮಾತಿನಲ್ಲಿ ಹೇಳಿದ್ದರು, ಕೊಡಲಿಲ್ಲ ಎಂದು ಅವನ ಕಡೆಯವರು ಹೇಳಿದರು. ಅಂಥ ವಿಧಿವತ್ತಾದ ಒಪ್ಪಂದವೇ ಇರಲಿಲ್ಲ ಎಂದರು ತಂಡಕ್ಕೆ ಹಣ ಹೊಂದಿಸುವವರು. ಯಾರು ಸರಿ? ಕಾಗದವೇ ಇಲ್ಲದ ಮೇಲೆ ಹೇಳುವುದು ಹೇಗೆ? ಹಿಂದಿನ ಕಾಲದಲ್ಲಿ ಸಂತೆಯ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದನದ ವ್ಯಾಪಾರ ಮಾಡುತ್ತಿದ್ದುದನ್ನು ಅಜ್ಜಂದಿರು ನೋಡಿರುತ್ತೀರಿ. ಪಕ್ಕದ ಎತ್ತು ಎಷ್ಟಕ್ಕೆ ಹೋಯಿತು ಎಂದು ಮಾರುವ ರೈತನಿಗೆ ತಿಳಿಯುತ್ತಲೇ ಇರಲಿಲ್ಲ. ಹದಿನೆಂಟರ ಹುಡುಗನ ಪಾಡೂ ಅಲ್ಲಿ ಹಾಗೇ. ತನ್ನ ಜೊತೆಯವನಿಗೆ ಎಷ್ಟು ಸಿಗುತ್ತಿದೆ ಎಂದು ತಿಳಿಯದೆ ಸಹಿ ಹಾಕಬೇಕು.

ಹುಡುಗಿಯರ ವಿಷಯ ಇನ್ನೂ ಸೂಕ್ಷ್ಮ. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡು ಎಂದು ಭೇದ ಮಾಡಬಾರದು ಎಂದು 1972ರಲ್ಲೇ ಅಲ್ಲಿ ಕಾನೂನಾಯಿತು. ಹುಡುಗರ ಆಟಕ್ಕೆ ಎಷ್ಟು, ಹುಡುಗಿಯರ ಆಟಕ್ಕೆ ಎಷ್ಟು ಖರ್ಚಾಯಿತು ಎಂದು ಕಾಲೇಜುಗಳು ಪ್ರತಿವರ್ಷ ಪ್ರಕಟಿಸಬೇಕು ಎಂಬ ಇನ್ನೊಂದು ಕಾನೂನು 1994ರಲ್ಲಿ ಬಂತು. ಅಂಥ ಲೆಕ್ಕ ಕೈಯಲ್ಲಿದ್ದರೆ ಅನ್ಯಾಯ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಹೊಸ ರಾಜಿಯ ಪರಿಹಾರದಲ್ಲಿ ಬಹುಪಾಲು ಹುಡುಗರ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲಿಗೇ ಹೋಗುತ್ತದೆ ಎಂದು ಕೆಲವು ಆಟಗಾರ್ತಿಯರು ಒಂದೇ ವಾರದಲ್ಲಿ ಮೇಲ್ಮನವಿ ಹಾಕಿದರು. ಆ ಪಾಲಿನ ಅಂಕಿ ಕಣ್ಣಿಗೆ ಕಂಡಿತ್ತು, ಅದಕ್ಕೇ ಕೇಳಲು ಸಾಧ್ಯವಾಯಿತು. ಇನ್ನು ಮುಂದೆ ವಿಶ್ವವಿದ್ಯಾಲಯಗಳು ಹಂಚುವ ಹಣದ ಅಂಕಿ ಕಾಣದಿದ್ದರೆ ಯಾವ ಹುಡುಗಿ ಏನೆಂದು ಕೇಳಿಯಾಳು?

ಇಷ್ಟನ್ನು ಊಟದ ಹೊತ್ತಿಗೆ ಮನೆಯಲ್ಲಿ ಹೇಳುತ್ತಿದ್ದೆ. ಏಳನೇ ಕ್ಲಾಸಿನ ನನ್ನ ಮೊಮ್ಮಗ, "ಅಜ್ಜ, ಐಪಿಎಲ್ಲಿನಲ್ಲಿ ಎಲ್ಲರ ರೇಟೂ ಟಿವಿಯಲ್ಲೇ ಬರುತ್ತಲ್ಲ" ಎಂದ. ನಿಜ. 2024ರ ನವೆಂಬರಿನ ಹರಾಜಿನಲ್ಲಿ 13 ವರ್ಷದ ವೈಭವ್ ಸೂರ್ಯವಂಶಿಗೆ 1 ಕೋಟಿ 10 ಲಕ್ಷ ಎಂದು ದೇಶವೇ ನೋಡಿತು. ಆಗ ನನ್ನ ಹೆಂಡತಿ ಸಾರು ಬಡಿಸುತ್ತಾ ಒಂದು ಮಾತು ಹೇಳಿದಳು: "ಪಾಪ, ಆ ಮಗು ಒಂದು ದಿನ ಸೊನ್ನೆಗೆ ಔಟಾದರೆ ಜನ ಕೋಟಿಯ ಲೆಕ್ಕ ತೆಗೆದು ಆಡಿಕೊಳ್ಳೋದಿಲ್ವಾ?"

ಆ ಮಾತಿಗೆ ನನ್ನಲ್ಲಿ ಕೂಡಲೇ ಉತ್ತರವಿರಲಿಲ್ಲ. ಅಮೆರಿಕದಲ್ಲೂ ಬಾಜಿ ಕಟ್ಟಿ ಸೋತವರು ಕಾಲೇಜು ಮಕ್ಕಳ ಫೋನಿಗೆ ಕೆಟ್ಟ ಬೈಗುಳ ಕಳಿಸುತ್ತಾರೆ. ಪ್ರತಿಯೊಬ್ಬನ ಹೆಸರಿನ ಮುಂದೆ ಮೊತ್ತ ಬರೆದು ಗೋಡೆಗೆ ಅಂಟಿಸಿದರೆ ಬೈಗುಳ ಇನ್ನೂ ಹೆಚ್ಚುತ್ತದೆ. ಸಾಲ ಕೇಳುವ ನೆಂಟರೂ ಹೆಚ್ಚುತ್ತಾರೆ. ಹಾಗಾಗಿ ಎರಡು ದಿನ ಯೋಚಿಸಿ ನಾನು ನಿಂತ ಜಾಗ ಇದು: ಹೆಸರು ಬೇಡ, ಲೆಕ್ಕ ಬೇಕು. ಈ ಆಟಕ್ಕೆ ಇಷ್ಟು ಜನ, ಒಟ್ಟು ಇಷ್ಟು ಹಣ, ಅತಿ ಹೆಚ್ಚು ಇಷ್ಟು, ಅತಿ ಕಡಿಮೆ ಇಷ್ಟು, ಹುಡುಗಿಯರ ಪಾಲು ಇಷ್ಟು. ನಮ್ಮ ಬೀದಿಯ ಗಣೇಶನ ಹಬ್ಬದ ಜಮಾಖರ್ಚನ್ನು ಹಲಗೆಯ ಮೇಲೆ ಬರೆಯುತ್ತಾರಲ್ಲ, ಅಷ್ಟು. ಹೆಂಡತಿ ಇದಕ್ಕೆ ಅರ್ಧ ಮಾತ್ರ ಒಪ್ಪಿದ್ದಾಳೆ. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಇರುವುದೇ ಹತ್ತು ಹದಿನೈದು ಜನ, ಅತಿ ಹೆಚ್ಚು ಯಾರದ್ದು ಅಂತ ಊಹಿಸುವುದೇನು ಕಷ್ಟ ಎನ್ನುತ್ತಾಳೆ. ಅದೂ ನಿಜವೇ.

ತಂಗಿಯ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ವಿಶ್ವವಿದ್ಯಾಲಯದ ಕಚೇರಿಗೆ ವಿನಯದಿಂದ ಒಂದು ಮೇಲ್ ಬರೆದಿದ್ದಾಳೆ: ನನ್ನ ರಸೀದಿಯ ಈ ಸಾಲಿನ ಹಣ ಯಾವ ಯಾವ ಬಾಬ್ತಿಗೆ ಖರ್ಚಾಗುತ್ತದೆ, ದಯವಿಟ್ಟು ತಿಳಿಸಿ. ಮೂರು ವಾರವಾಯಿತು. ಉತ್ತರ ಬಂದ ವಾರ ನಿಮಗೂ ತಿಳಿಸುತ್ತೇನೆ.